ಉತ್ತರ ಹೇಳಿಕೊಡದ ಮನೆಪಾಠ: ಮೈಸೂರಿನ ಒಂದು ಭಾನುವಾರದ ಗಣಿತ ತರಗತಿ

ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕರೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಮಕ್ಕಳಿಗೆ ಗಣಿತ ಪಾಠ ಮಾಡುತ್ತಾರೆ. ಏಳನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗಿನ ಹತ್ತು ಮಕ್ಕಳಿಗೆ ಮಾತ್ರ ಅಲ್ಲಿ ಅವಕಾಶವಿದೆ. ತಿಂಗಳಿಗೆ 900 ರೂಪಾಯಿ ಶುಲ್ಕ. ಮನೆಯ ಮುಂದೆ ಬೋರ್ಡಿಲ್ಲ, ಕರಪತ್ರವಿಲ್ಲ. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ನಾನೂ ಇಲ್ಲಿ ಅವರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕಳೆದ ಜೂನ್‌ನಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಮೇಷ್ಟ್ರ ಅನುಮತಿ ಪಡೆದು ನಾನು ಹನ್ನೊಂದು ಭಾನುವಾರ ಹಿಂದಿನ ಗೋಡೆಗೆ ಒರಗಿ ಕುಳಿತು ಪಾಠ ನೋಡಿದ್ದೇನೆ. ಈ ವಿಮರ್ಶೆ ಆ ಹನ್ನೊಂದು ಭಾನುವಾರಗಳನ್ನು ಆಧರಿಸಿದ್ದು.

ಇದಕ್ಕೂ ಮುಂಚೆ ಮಗಳು ಒಂದು ದೊಡ್ಡ ಟ್ಯೂಷನ್ ಸೆಂಟರಿಗೆ ಹೋಗುತ್ತಿದ್ದಳು. ಅಲ್ಲಿ ಲೆಕ್ಕಗಳನ್ನು ಹಂತಹಂತವಾಗಿ ಬೋರ್ಡಿನ ಮೇಲೆ ಬರೆಸುತ್ತಿದ್ದರು, ನೋಟ್ಸು ಅಚ್ಚುಕಟ್ಟಾಗಿತ್ತು, ಅಂಕಗಳೂ ಬರುತ್ತಿದ್ದವು. ಆದರೆ ಒಂದು ಸಂಜೆ ಭಿನ್ನರಾಶಿಯ ಭಾಗಾಕಾರ ಮಾಡುತ್ತಿದ್ದವಳನ್ನು, ಎರಡನೆಯ ಭಿನ್ನರಾಶಿಯನ್ನು ಯಾಕೆ ತಲೆಕೆಳಗು ಮಾಡಿದೆ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರ ನನ್ನನ್ನು ಕಾಡಿತು. "ಹಾಗೇ ಮಾಡ್ಬೇಕಂತೆ ಅಪ್ಪ" ಎಂದಳು. ಕನ್ನಡದ ಈ "ಅಂತೆ" ಬಹಳ ಪ್ರಾಮಾಣಿಕವಾದ ಪ್ರತ್ಯಯ. ಹೇಳುವ ಮಾತು ನಮ್ಮದಲ್ಲ, ಬೇರೆಯವರಿಂದ ಕೇಳಿದ್ದು, ಅದರ ಹೊಣೆ ನಮ್ಮ ಮೇಲಿಲ್ಲ ಎನ್ನುವುದನ್ನೆಲ್ಲ ಅದು ಎರಡೇ ಅಕ್ಷರಗಳಲ್ಲಿ ಒಪ್ಪಿಕೊಂಡುಬಿಡುತ್ತದೆ. ಆಮೇಲೆ ಗಮನವಿಟ್ಟು ಕೇಳಿದರೆ ಮಗಳ ಗಣಿತವೆಲ್ಲ ಅಂತೆಯಲ್ಲಿಯೇ ನಡೆಯುತ್ತಿತ್ತು: ಋಣವನ್ನು ಋಣದಿಂದ ಗುಣಿಸಿದರೆ ಧನವಂತೆ, ಯಾವುದೇ ಸಂಖ್ಯೆಯ ಸೊನ್ನೆಯ ಘಾತ ಒಂದಂತೆ. ಹೀಗಿರುವಾಗ ಸಹೋದ್ಯೋಗಿಯೊಬ್ಬರು ಈ ಭಾನುವಾರದ ತರಗತಿಯ ವಿಷಯ ತಿಳಿಸಿದರು. ಅಲ್ಲಿ ಮೇಷ್ಟ್ರು ಉತ್ತರ ಹೇಳುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ ಎಂದು ಅವರು ಸ್ವಲ್ಪ ಅಸಮಾಧಾನದಿಂದಲೇ ಹೇಳಿದ್ದರು. ನನಗೆ ಅದೇ ಮಾತು ಆಸೆ ಹುಟ್ಟಿಸಿತು.

ಅಲ್ಲಿಯ ಪಾಠ ಹೇಗಿರುತ್ತದೆ ಎಂಬುದಕ್ಕೆ ಒಂದು ಬೆಳಗನ್ನು ಪೂರ್ತಿಯಾಗಿ ಹೇಳುವುದೇ ಸರಿ. ಆ ದಿನ ಮೇಷ್ಟ್ರು ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಿಂದ, ರಂಗೋಲಿಗೆ ಇಡುವಂತೆ, ಐದು ಸಾಲು ಐದು ಚುಕ್ಕಿ ಇಟ್ಟರು. ನಾಲ್ಕು ಚುಕ್ಕಿಗಳ ನಡುವಿನ ಒಂದೊಂದು ಚೌಕ ಜಾಗ ಒಂದು ಮನೆ. ಒಂದು ಮೂಲೆಯಲ್ಲಿ ಬದಿ ಎರಡು ಮನೆ ಇರುವ ಚೌಕ ಎಳೆದು, ಇದು ನಾಲ್ಕು ಮನೆಯ ಜಮೀನು, ಇದರ ಎರಡರಷ್ಟು ಜಮೀನು ಬೇಕು, ಆದರೆ ಅದೂ ಚೌಕವೇ ಆಗಿರಬೇಕು, ಬದಿ ಎಷ್ಟಿರಬೇಕು ಎಂದು ಕೇಳಿದರು. ಏಳನೆಯ ತರಗತಿಯ ಹುಡುಗನೊಬ್ಬ ತಕ್ಷಣ "ನಾಲ್ಕು ಸಾರ್" ಎಂದ. ತಪ್ಪು ಎಂದು ಮೇಷ್ಟ್ರು ಹೇಳಲಿಲ್ಲ. ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟು "ಬರಿ, ನೋಡೋಣ" ಎಂದರು. ಅವನು ದೊಡ್ಡ ಚೌಕ ಎಳೆದು, ಬೆರಳಿಟ್ಟು ಮನೆಗಳನ್ನು ಎಣಿಸಿ, "ಹದಿನಾರಾಯ್ತು ಸಾರ್, ಜಾಸ್ತಿಯಾಯ್ತು" ಎಂದ. ಬೇಕಿದ್ದದ್ದು ಎಂಟು. ಹಾಗಾದರೆ ಮೂರು ಎಂದು ಇನ್ನೊಬ್ಬಳು ಹೇಳಿ ಎಳೆದು ನೋಡಿದಳು, ಒಂಬತ್ತಾಯಿತು. ಅಲ್ಲಿಗೆ ಎಲ್ಲರೂ ಸುಮ್ಮನಾದರು. ನಾನು ಗೋಡೆಯ ಗಡಿಯಾರ ನೋಡಿದೆ: ಆ ಮೌನ ಹತ್ತಿರ ಹತ್ತಿರ ಒಂದು ನಿಮಿಷ ಇತ್ತು. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಚುಕ್ಕಿಗಳನ್ನೇ ನೋಡುತ್ತ ಕುಳಿತಿದ್ದರು.

ಆಮೇಲೆ ಒಬ್ಬ ಎರಡೂವರೆ ಎಂದ, ಗುಣಿಸಿ 6.25 ಎಂದು ತಾನೇ ಬಿಟ್ಟ. 2.8 ಹಿಡಿದವರಿಗೆ 7.84 ಬಂತು, 2.9 ಹಿಡಿದವರಿಗೆ 8.41. ನನ್ನ ಮಗಳು ಮತ್ತು ಅವಳ ಗೆಳತಿ ನೋಟ್‌ಬುಕ್ಕಿನ ಒಂದು ಪುಟ ತುಂಬಿಸಿ 2.83ರವರೆಗೆ ಹೋದರು, 8.0089 ಬಂತು. ಇನ್ನೂ ಮುಂದೆ ಹೋಗೋಣವೇ ಎಂದು ಮಕ್ಕಳು ಕೇಳಿದಾಗ ಮೇಷ್ಟ್ರು ಮೊದಲ ಬಾರಿಗೆ ಒಂದು ಹೊಸ ಪ್ರಶ್ನೆ ಇಟ್ಟರು: "ಸಂಖ್ಯೆ ಸಿಗ್ತಿಲ್ಲ ಅಂದ್ರೆ ಚೌಕಾನೂ ಇಲ್ಲ ಅಂತಾನಾ?" ಮತ್ತೆ ಮೌನ. ಎರಡು ತಿಂಗಳಿಂದ ಹೆಚ್ಚು ಮಾತಾಡದೆ ಕೂರುತ್ತಿದ್ದ ಒಬ್ಬಳು ಹುಡುಗಿ, ಚುಕ್ಕಿಗಳ ಹತ್ತಿರಕ್ಕೆ ಸರಿದು, "ಸಾರ್, ಚೌಕ ಓರೆಯಾಗಿದ್ರೆ ನಡೆಯುತ್ತಾ?" ಎಂದು ಕೇಳಿದಳು. ಮೇಷ್ಟ್ರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಎಳೆದು ತೋರಿಸು ತಾಯಿ" ಎಂದರು. ಅವಳು ದೊಡ್ಡ ಚೌಕದ ನಾಲ್ಕು ಬದಿಗಳ ನಡುಚುಕ್ಕಿಗಳನ್ನು ಸರಸರನೆ ಕೂಡಿಸಿದಳು. ಬಾಗಿಲ ಮುಂದೆ ದಿನಾ ರಂಗೋಲಿ ಹಾಕುವ ಕೈ ಅದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಹದಿನಾರು ಮನೆಯ ಚೌಕದಲ್ಲಿ ನಾಲ್ಕು ಮನೆಯ ಚೌಕಗಳು ನಾಲ್ಕಿವೆ, ಪ್ರತಿಯೊಂದರಲ್ಲಿಯೂ ಅರ್ಧ ಗೆರೆಯ ಒಳಗಿದೆ, ಅರ್ಧ ಹೊರಗಿದೆ, ಆದ್ದರಿಂದ ಒಳಗಿರುವುದು ಎಂಟು ಎಂದು ಅವಳು ತನ್ನದೇ ಮಾತಿನಲ್ಲಿ ವಿವರಿಸಿದಳು. ಇದು ಚೌಕವೇ ಹೌದು ಎಂದು ಏನು ಗ್ಯಾರಂಟಿ ಎಂದು ಒಬ್ಬ ಆಕ್ಷೇಪ ತೆಗೆದ. ಮತ್ತೊಬ್ಬಳು ಕಾಗದವನ್ನು ಎರಡು ಸಲ ಮಡಿಸಿ ಲಂಬಕೋನ ಮಾಡಿಕೊಂಡು ನಾಲ್ಕು ಮೂಲೆಗೂ ಇಟ್ಟು ನೋಡಿದಳು. ಇಷ್ಟಕ್ಕೆ ಐವತ್ತು ನಿಮಿಷ ಹಿಡಿಯಿತು. ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆಗೆ ಕರ್ಣ ಎಂಬ ಪದವನ್ನು ಮೇಷ್ಟ್ರು ಬಳಸಿದ್ದು ಇದೆಲ್ಲ ಮುಗಿದ ಮೇಲೆ. ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಗ್ರಂಥವಾದ ಬೌಧಾಯನನ ಶುಲ್ಬಸೂತ್ರದಲ್ಲಿ, ಚೌಕದ ಕರ್ಣದ ಉದ್ದಕ್ಕೆ ಹಿಡಿದ ಹಗ್ಗ ಎರಡರಷ್ಟು ನೆಲವನ್ನು ಕೊಡುತ್ತದೆ ಎಂಬ ಮಾತಿದೆಯೆಂದು ತಿಳಿಸಿದ್ದೂ ಆಗಲೇ. ಶುಲ್ಬ ಎಂದರೆ ಹಗ್ಗ ಎಂದು ಕೇಳಿದಾಗ ಆ ಹುಡುಗಿಯ ಮುಖದಲ್ಲಿ, ತನ್ನ ಊರಿನವರು ಯಾರೋ ಸಿಕ್ಕಂತೆ ಒಂದು ಸಂತೋಷ ಕಂಡಿತು.

ಈ ಲೆಕ್ಕ ಹೊಸದಲ್ಲ. ಪ್ರಶ್ನೆಗಳ ಮೂಲಕ ಕಲಿಸುವ ಪದ್ಧತಿಗೆ ಹೆಸರು ಕೊಟ್ಟ ಅಥೆನ್ಸಿನ ಸಾಕ್ರಟೀಸನು ಗುಲಾಮ ಹುಡುಗನೊಬ್ಬನಿಗೆ ಹಾಕಿದ ಲೆಕ್ಕವೇ ಇದು. ಅವನ ಶಿಷ್ಯ ಪ್ಲೇಟೋ ಬರೆದ ಮೆನೊ ಎಂಬ ಸಂವಾದದಲ್ಲಿ ಬರುತ್ತದೆ. ಎರಡು ಅಡಿ ಬದಿಯ ಚೌಕವನ್ನು ಇಮ್ಮಡಿ ಮಾಡು ಎಂದಾಗ ಆ ಹುಡುಗನೂ ಮೊದಲು ನಾಲ್ಕು ಎನ್ನುತ್ತಾನೆ, ಆಮೇಲೆ ಮೂರು ಎನ್ನುತ್ತಾನೆ, ಕೊನೆಗೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ತಪ್ಪುಗಳೇ ಅದೇ ಕ್ರಮದಲ್ಲಿ ಕುವೆಂಪುನಗರದ ಮಹಡಿಯ ಮೇಲೆ ಹುಟ್ಟಿದ್ದನ್ನು ನೋಡಿ ನನಗೆ ರೋಮಾಂಚನವಾಯಿತು. ಆದರೆ ಒಂದು ವ್ಯತ್ಯಾಸವಿದೆ, ಅದು ಮುಖ್ಯವಾದದ್ದು. ಪ್ಲೇಟೋನ ಬರಹದಲ್ಲಿ ಕರ್ಣದ ಗೆರೆಯನ್ನು ತೋರಿಸಿಕೊಡುವವನು ಸಾಕ್ರಟೀಸನೇ. ಅಲ್ಲಿಂದ ಮುಂದೆ ಹುಡುಗನ ಪಾಲಿಗೆ ಉಳಿಯುವುದು ಹೆಚ್ಚಾಗಿ ಎಣಿಸುವುದು ಮತ್ತು ಹೌದು ಎನ್ನುವುದು. ಜ್ಞಾನವೆಲ್ಲ ಆತ್ಮಕ್ಕೆ ಮೊದಲೇ ಇದ್ದದ್ದರ ಸ್ಮರಣೆ ಎಂದು ಸಾಧಿಸುವುದು ಅಲ್ಲಿಯ ಉದ್ದೇಶ, ಆದ್ದರಿಂದ ಅದಕ್ಕೆ ಅಷ್ಟು ಸಾಕಾಗಿರಬಹುದು. ಪಾಠವಾಗಿ ನೋಡಿದರೆ ನನಗೆ ಮೇಷ್ಟ್ರ ದಾರಿಯೇ ಹೆಚ್ಚು ಒಪ್ಪಿಗೆ. ಪ್ರಶ್ನೆಗೂ ಮೂಗುದಾರವಾಗುವ ಗುಣವಿದೆ; ಎತ್ತು ನಡೆಯುತ್ತಿರುತ್ತದೆ, ಆದರೆ ದಾರಿ ಹಗ್ಗ ಹಿಡಿದವನದು. ಓರೆ ಚೌಕದ ಯೋಚನೆ ಆ ಹುಡುಗಿಯದೇ ಆಗಿತ್ತು, ಅದಕ್ಕೆ ಮೇಷ್ಟ್ರು ಗೆರೆ ಎಳೆದುಕೊಟ್ಟಿರಲಿಲ್ಲ.

ಸಾಕ್ರಟೀಸನ ತಾಯಿ ಫೆನರೆಟೆ ಸೂಲಗಿತ್ತಿಯಾಗಿದ್ದಳು. ತನ್ನ ಕೆಲಸವೂ ಅದೇ, ಬೇರೆಯವರ ಮನಸ್ಸಿನಲ್ಲಿರುವ ವಿಚಾರಕ್ಕೆ ಹೆರಿಗೆ ಮಾಡಿಸುವುದು ಎಂದು ಆತ ಹೇಳಿಕೊಳ್ಳುವುದನ್ನು ಪ್ಲೇಟೋ ಇನ್ನೊಂದು ಸಂವಾದದಲ್ಲಿ ಬರೆದಿದ್ದಾನೆ. ಸೂಲಗಿತ್ತಿ ಎಂದೊಡನೆ ನಮ್ಮ ಮನಸ್ಸಿಗೆ ಬರುವವರು ಪಾವಗಡದ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ನರಸಮ್ಮನವರು. ಹಳ್ಳಿಯಲ್ಲಿ ಸೂಲಗಿತ್ತಿಯರನ್ನು ಕಂಡವರಿಗೆ ಗೊತ್ತು, ಅವರ ಕೆಲಸದ ಬಹುಪಾಲು ಕಾಯುವುದು. ಬಸುರಿಯ ಕೈ ಹಿಡಿದು, ಹೊಟ್ಟೆ ಮುಟ್ಟಿ ನೋಡಿ, ಇನ್ನೂ ಹೊತ್ತಾಗಿಲ್ಲ ಎಂದು ಧೈರ್ಯ ಹೇಳುತ್ತ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುವುದು. ಈ ತರಗತಿಗೆ ನಾನು ಕೊಡುತ್ತಿರುವ 900 ರೂಪಾಯಿ ನಿಜವಾಗಿ ಪ್ರಶ್ನೆಗಳಿಗಲ್ಲ, ಈ ಕಾಯುವಿಕೆಗೆ. ಒಳ್ಳೆಯ ಪ್ರಶ್ನೆಗಳು ಪುಸ್ತಕದಲ್ಲಿಯೂ ಸಿಗುತ್ತವೆ, ಮೊಬೈಲಿನಲ್ಲಿಯೂ ಸಿಗುತ್ತವೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಕೂರಬಲ್ಲ ಶಿಕ್ಷಕರು ಸಿಗುವುದು ಕಷ್ಟ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು; ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದ ಕಡೆಗಳಲ್ಲಿ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ಬಾಯಿಬಿಟ್ಟರು, ಮಕ್ಕಳೇ ಕೇಳುವ ಪ್ರಶ್ನೆಗಳೂ ಹೆಚ್ಚಾದವು. ಮೂರು ಸೆಕೆಂಡು ಓದುವುದಕ್ಕೆ ಅಲ್ಪವೆನಿಸುತ್ತದೆ. ಹತ್ತು ಮಕ್ಕಳ ಎದುರಿಗೆ ನಿಂತು ಕಾದು ನೋಡಿದವರಿಗೆ ಅದರ ಉದ್ದ ತಿಳಿಯುತ್ತದೆ.

ಇನ್ನೊಂದು ಸಂಗತಿ ಭಾಷೆಯದು. ಅಲ್ಲಿಗೆ ಬರುವ ಹೆಚ್ಚಿನ ಮಕ್ಕಳು ಇಂಗ್ಲಿಷ್ ಮಾಧ್ಯಮದವರು, ಆದರೆ ಮೇಷ್ಟ್ರು ಪ್ರಶ್ನೆ ಕೇಳುವುದು ಕನ್ನಡದಲ್ಲಿ. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಇಂಗ್ಲಿಷಿನಲ್ಲಿ ಕೇಳಿದಾಗ ಮಕ್ಕಳು ಪಾಠಪುಸ್ತಕದ ವಾಕ್ಯವನ್ನು ಹುಡುಕುತ್ತಾರೆ. ಕನ್ನಡದಲ್ಲಿ ಕೇಳಿದಾಗ ಅವರ ಬಳಿ ಸಿದ್ಧವಾಕ್ಯ ಇರುವುದಿಲ್ಲ, ಆದ್ದರಿಂದ ಓರೆ, ಮಡಿಕೆ, ಮನೆ, ಕಾಲುಭಾಗ ಮುಂತಾದ ತಮ್ಮ ಮಾತುಗಳನ್ನೇ ಒಟ್ಟುಮಾಡಿ ಹೇಳಬೇಕಾಗುತ್ತದೆ, ಹಾಗೆ ಹೇಳುವಾಗ ಯೋಚನೆಯೂ ನಡೆಯುತ್ತದೆ. ಮನೆಯಲ್ಲಿ ತಮಿಳು ಮತ್ತು ಉರ್ದು ಆಡುವ ಇಬ್ಬರು ಮಕ್ಕಳಿದ್ದಾರೆ. ಅವರು ಮೊದಲು ತಮ್ಮ ಭಾಷೆಯಲ್ಲಿ ಗೊಣಗಿಕೊಂಡು ಆಮೇಲೆ ಕನ್ನಡದಲ್ಲಿ ಹೇಳುವುದಕ್ಕೂ ಮೇಷ್ಟ್ರು ಸಮಯ ಕೊಡುತ್ತಾರೆ.

ಕೊರತೆಗಳನ್ನೂ ಹೇಳಬೇಕು. ಮೇಷ್ಟ್ರಿಗೆ ಊರಿಗೆ ಹೋಗುವ ಕೆಲಸವಿದ್ದಾಗ ಪಾಠ ನಡೆಸಲು ಒಬ್ಬ ಯುವ ಸಹಾಯಕರು ಬರುತ್ತಾರೆ. ಅವರದೂ ಪ್ರಶ್ನೆಗಳೇ, ಆದರೆ ಆ ಪ್ರಶ್ನೆಗಳು ಅರ್ಧ ಕತ್ತರಿಸಿದ ವಾಕ್ಯಗಳು. "ತ್ರಿಭುಜದ ಮೂರು ಕೋನ ಸೇರಿದ್ರೆ ನೂರಾ...?" ಎಂದು ಅವರು ರಾಗ ಎಳೆಯುತ್ತಾರೆ, ಮಕ್ಕಳೆಲ್ಲ ಒಟ್ಟಿಗೆ "ಎಂಬತ್ತು" ಎಂದು ಕೂಗುತ್ತಾರೆ. ನಾವೆಲ್ಲ ಓದಿದ ತರಗತಿಗಳ ರಾಗ ಅದು. ಕೇಳುವುದಕ್ಕೆ ಉತ್ಸಾಹವಿರುತ್ತದೆ, ಆದರೆ ಅಲ್ಲಿ ಯಾರೂ ಏನನ್ನೂ ಕಂಡುಕೊಂಡಿರುವುದಿಲ್ಲ. ನಾನು ಕುಳಿತ ಹನ್ನೊಂದರಲ್ಲಿ ಮೂರು ಭಾನುವಾರ ಹೀಗೆ ಕಳೆದವು, ಅಷ್ಟು ಶುಲ್ಕ ನಷ್ಟವೆಂದೇ ನನ್ನ ಲೆಕ್ಕ.

ಮೇಷ್ಟ್ರ ತರಗತಿಯೂ ಒಮ್ಮೆ ಸೋತಿತು. ಸುತ್ತು ಕೋನವನ್ನು 360 ಭಾಗ ಯಾಕೆ ಮಾಡಿದ್ದಾರೆ ಎಂದು ಅವರು ಕೇಳಿದರು. ಮಕ್ಕಳು ಅರ್ಧ ಗಂಟೆ ಊಹಿಸಿ ದಣಿದರು. ಅದು ಬ್ಯಾಬಿಲೋನಿಯದವರ ಅರವತ್ತರ ಎಣಿಕೆಯ ಕಡೆಯಿಂದ ಬಂದ ರೂಢಿ, ಎಷ್ಟು ತಲೆ ಕೆಡಿಸಿಕೊಂಡರೂ ಒಳಗಿನಿಂದ ಹುಟ್ಟುವಂಥದ್ದಲ್ಲ. ಹೆಸರು, ಸಂಕೇತ, ರೂಢಿ, ಇತಿಹಾಸ, ಇವುಗಳನ್ನು ಹೇಳಿಯೇ ಕೊಡಬೇಕು. 360ನ್ನು ಎಷ್ಟು ವಿಧದಲ್ಲಿ ಸಮವಾಗಿ ಹಂಚಬಹುದು ಎಂದು ಕೇಳಿದ್ದರೆ ಅದೇ ಅರ್ಧ ಗಂಟೆ ಚೆನ್ನಾಗಿ ಸಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಇನ್ನೊಂದು ಘಟನೆ ಹೆಚ್ಚು ನೋವಿನದು. ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಉತ್ತರ ಹೇಳಿದ. ಯಾಕೆ ಎಂದರು ಮೇಷ್ಟ್ರು. ಕಾರಣ ಹೇಳಿದ; ಅದು ಯಾಕೆ ಎಂದರು. ನಾಲ್ಕನೆಯ ಯಾಕೆಯ ಹೊತ್ತಿಗೆ ಅವನ ಕಣ್ಣಲ್ಲಿ ನೀರಿತ್ತು. ಅವನಿಗೆ ಅದು ಪಾಠವಾಗಿರಲಿಲ್ಲ, ಕಟಕಟೆಯಲ್ಲಿ ನಿಲ್ಲಿಸಿ ನಡೆಸಿದ ಪಾಟೀಸವಾಲಾಗಿತ್ತು. ಮುಂದಿನ ಭಾನುವಾರ ಮೇಷ್ಟ್ರು ಪಾಠ ಶುರುಮಾಡುವ ಮುಂಚೆ ಎಲ್ಲರ ಎದುರಿಗೆ, "ಹೋದ ವಾರ ನಾನು ಕೇಳಿದ್ದು ಜಾಸ್ತಿಯಾಯ್ತು ಮರಿ, ಇವತ್ತು ನೀನು ನನ್ನನ್ನ ಕೇಳು" ಎಂದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ ಎಂದು ಕೇಳಿದ. ಆ ದಿನದ ಪಾಠವೆಲ್ಲ ಅದೇ ಆಯಿತು. ತಪ್ಪು ಆಗಬಾರದಿತ್ತು, ಆದ ತಪ್ಪನ್ನು ಹೀಗೆ ಸರಿಪಡಿಸಿದ ಹಿರಿಯರನ್ನು ನಾನು ಕಂಡದ್ದು ಕಡಿಮೆ.

ಮಕ್ಕಳ ಪ್ರಶ್ನೆಗಳಿಗೆಂದೇ ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾಗಿ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಮಕ್ಕಳು ತಮ್ಮ ಪ್ರಶ್ನೆಗಳನ್ನು ಸವಾಲೀರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಕೇಳುತ್ತಿದ್ದರು. ಮೇಷ್ಟ್ರು ಆ ಕಥೆಯನ್ನು ಮಕ್ಕಳಿಗೆ ಹೇಳಿ ಡಬ್ಬಿ ಇಟ್ಟರಂತೆ. ಡಬ್ಬಿಯ ಚೀಟಿಗಳಿಗೆ ತಿಂಗಳ ಕೊನೆಯ ಭಾನುವಾರ ಮೀಸಲು. ನಾನು ನೋಡಿದ ದಿನ ಒಂದು ಚೀಟಿಯಲ್ಲಿ, ಬಸ್ಸಿನ ಚಕ್ರದ ಮೇಲ್ಭಾಗ ಕೆಳಭಾಗಕ್ಕಿಂತ ವೇಗವಾಗಿ ಹೋಗುತ್ತದೆಯೇ ಎಂದಿತ್ತು.

ಅಂಕಗಳ ವಿಷಯ ಪೋಷಕರು ಕೇಳಿಯೇ ಕೇಳುತ್ತಾರೆ. ನನ್ನ ಮಗಳ ಶಾಲೆಯ ಅಂಕಗಳಲ್ಲಿ ಈವರೆಗೆ ಹೇಳಿಕೊಳ್ಳುವ ಏರಿಕೆಯಾಗಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯೇ ಬಂತು. ಮೇಷ್ಟ್ರು ಶಾಲೆಯ ಪಠ್ಯಕ್ರಮವನ್ನು ಹಿಂಬಾಲಿಸುವುದಿಲ್ಲ, ಟೆಸ್ಟ್ ಕೊಡುವುದಿಲ್ಲ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಅವರೇ ಸೇರಿಸಿಕೊಳ್ಳುವುದಿಲ್ಲ, ಆ ವರ್ಷ ಮಕ್ಕಳಿಗೆ ಬೇಕಾದದ್ದು ಬೇರೆ ಎಂದು ನೇರವಾಗಿ ಹೇಳುತ್ತಾರೆ. ಅಂಕಪಟ್ಟಿಯಲ್ಲಿ ಫಲ ಹುಡುಕುವವರಿಗೆ ಇದು ಸರಿಹೊಂದುವ ತರಗತಿಯಲ್ಲ.

ನಾನು ಫಲ ಕಂಡದ್ದು ಅಡುಗೆಮನೆಯಲ್ಲಿ. ಯುಗಾದಿಯ ದಿನ ನನ್ನ ತಾಯಿ ಒಬ್ಬಟ್ಟು ತಟ್ಟುತ್ತಿದ್ದಾಗ, ಎರಡರಷ್ಟು ಅಗಲದ್ದೊಂದು ಮಾಡಿಕೊಡುತ್ತೇನೆ ಎಂದು ಮೊಮ್ಮಗಳಿಗಾಗಿ ಎರಡು ಉಂಡೆ ಹೂರಣ ಒಟ್ಟು ಮಾಡಿದರು. "ಎರಡುಂಡೆ ಸಾಲಲ್ಲ ಅಜ್ಜಿ, ಇದೇ ದಪ್ಪ ಇರ್ಬೇಕಂದ್ರೆ ನಾಲ್ಕು ಬೇಕು" ಎಂದಳು ಮಗಳು. ಯಾರೇ ಹೇಳಿದ್ದು ನಿಂಗೆ ಎಂದು ಅಜ್ಜಿ ಕೇಳಿದ್ದಕ್ಕೆ, ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಬಾಳೆಲೆಯ ಮೇಲೆ ಹಿಟ್ಟಿನ ಬೆರಳಿನಿಂದ ಒಂದು ಚಿಕ್ಕ ವೃತ್ತ, ಅದರ ಸುತ್ತ ಇಮ್ಮಡಿ ಅಗಲದ ಇನ್ನೊಂದು ವೃತ್ತ ಬರೆದು, "ಯಾಕಂದ್ರೆ ಉದ್ದಾನೂ ಎರಡರಷ್ಟು, ಅಗಲಾನೂ ಎರಡರಷ್ಟು, ನೋಡು" ಎಂದು ಶುರುಮಾಡಿದಳು. ಆ ಮಾತಿನಲ್ಲಿ ಎಲ್ಲಿಯೂ "ಅಂತೆ" ಇರಲಿಲ್ಲ.

ಸೇರಿಸುವ ಮನಸ್ಸಿರುವವರಿಗೆ ಕೆಲವು ವಿವರಗಳು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದು ಜೂನ್ ಮೊದಲ ಭಾನುವಾರ ಮಾತ್ರ. ಮೊದಲ ತಿಂಗಳು ಶುಲ್ಕವಿಲ್ಲ. ಆಗ ಬರುವುದೋ ಬಿಡುವುದೋ ಎಂದು ನಿರ್ಧರಿಸಬೇಕಾದವರು ಮಕ್ಕಳೇ ಹೊರತು ಪೋಷಕರಲ್ಲ ಎಂಬ ಷರತ್ತಿದೆ. ಕೂರುವುದು ನೆಲದ ಮೇಲೆ, ಮಳೆಗಾಲದಲ್ಲಿ ಚಾಪೆಯಿದ್ದರೂ ತಣ್ಣಗಿರುತ್ತದೆ. ಗೆರೆಯಿಲ್ಲದ ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು. ರಬ್ಬರು ತರಬಾರದು, ತಪ್ಪು ಮಾಡಿದ ಲೆಕ್ಕವೂ ಪುಟದಲ್ಲಿ ಉಳಿಯಬೇಕು ಎನ್ನುತ್ತಾರೆ ಮೇಷ್ಟ್ರು. ತಾವು ಬರಲಾಗದ ಭಾನುವಾರಗಳನ್ನು ಮುಂಚಿತವಾಗಿ ತಿಳಿಸಬೇಕೆಂದು ನಾನು ಅವರಲ್ಲಿ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಮುಂದಿನ ವರ್ಷಕ್ಕೂ ಮಗಳ ಹೆಸರು ಕೊಟ್ಟು ಬಂದಿದ್ದೇವೆ.